ಎರಡು ಕೊಡ ನೀರಿನಲ್ಲಿ ತೊಳೆದ ಕ್ಯಾನು

ಗಿಡಗಳಿಗೂ ಹಾರ್ಮೋನು ಇರುತ್ತದೆ ಎಂದು ನನಗೆ ಗೊತ್ತಾದದ್ದು ಐವತ್ತೇಳನೆಯ ವಯಸ್ಸಿನಲ್ಲಿ, ಬಿತ್ತನೆ ಆಲೂಗಡ್ಡೆಯ ಮೂಟೆಯ ಮೇಲೆ ಕುಳಿತಿದ್ದಾಗ. ಕುಳಿತಿದ್ದೆ ಎನ್ನುವುದನ್ನು ಬೇಕೆಂದೇ ಹೇಳುತ್ತಿದ್ದೇನೆ. ನಿಂತಿದ್ದರೆ ಬಿದ್ದೇ ಬಿಡುತ್ತಿದ್ದೆ.

ಅಲ್ಲಿಯವರೆಗೆ ಹಾರ್ಮೋನು ಎಂದರೆ ನನ್ನ ಹೆಂಡತಿ ಜಯಮ್ಮ ಬೆಳಗ್ಗೆ ಖಾಲಿ ಹೊಟ್ಟೆಯಲ್ಲಿ ನುಂಗುವ ಸಣ್ಣ ಬಿಳಿ ಮಾತ್ರೆ, ಅಷ್ಟೆ. ಹಾಸನದ ಡಾಕ್ಟರು ಅವಳ ಕತ್ತು ಮುಟ್ಟಿ ನೋಡಿ, ಚೀಟಿ ಬರೆಯುತ್ತಾ, ಹಾರ್ಮೋನು ಏರುಪೇರಾಗಿದೆ ಎಂದಾಗ ನಾನು ಎಲ್ಲ ತಿಳಿದವನ ಹಾಗೆ ತಲೆಯಾಡಿಸಿದ್ದೆ. ತಲೆಯಾಡಿಸುವುದರಲ್ಲಿ ನನ್ನನ್ನು ಮೀರಿಸುವವರು ಕಡಿಮೆ. ಏಳನೇ ಕ್ಲಾಸಿಗೆ ಶಾಲೆ ಬಿಟ್ಟವನು ಮೊಟ್ಟಮೊದಲು ಕಲಿಯುವ ವಿದ್ಯೆ ಅದು. ಬ್ಯಾಂಕಿನಲ್ಲಿ, ತಾಲ್ಲೂಕು ಕಚೇರಿಯಲ್ಲಿ, ಆಸ್ಪತ್ರೆಯಲ್ಲಿ ಎಲ್ಲ ಕಡೆಯೂ ಅದು ಕೈಹಿಡಿಯುತ್ತದೆ.

ಆದರೆ ಹೊಲಕ್ಕೆ ಕಾಲಿಟ್ಟ ಮೇಲೆ ನಾನು ಯಾರ ಮುಂದೆಯೂ ತಲೆಯಾಡಿಸಿದವನಲ್ಲ. ನನ್ನ ಜಮೀನಿರುವುದು ಹೊಳೆನರಸೀಪುರದಿಂದ ಅರಕಲಗೂಡಿನ ಕಡೆಗೆ ಹೋಗುವಾಗ, ನಾಲೆಯ ಕೆಳಗೆ. ಅದರಲ್ಲಿದ್ದ ಕಲ್ಲನ್ನೆಲ್ಲ ಆಯ್ದವನು ನಾನೇ, ಬದು ಕಟ್ಟಿದವನೂ ನಾನೇ. ಮಂಜಣ್ಣನ ಕೈ ತಾಕಿದರೆ ಒಣಗಿದ ಗೂಟವೂ ಚಿಗುರುತ್ತದೆ ಎಂದು ಒಮ್ಮೆ ಯಾರೋ ಹೇಳಿದ್ದರು. ಹೇಳಿದವರು ಯಾರೆಂಬುದು ಮರೆತುಹೋಗಿದೆ. ಮಾತು ಮಾತ್ರ ಮರೆತಿಲ್ಲ.

ಈ ಸಲ ಬೇಸಿಗೆಯ ಕೊನೆಗೆ ಟೊಮೆಟೊ ನೆಟ್ಟಿದ್ದೆ. ಇಪ್ಪತ್ತನಾಲ್ಕು ಸಾಲು. ತಿಂಗಳು ಕಳೆಯುವಷ್ಟರಲ್ಲಿ ಮೊಣಕಾಲೆತ್ತರ ಬಂದು ಹೂ ಕಟ್ಟಿದವು. ಅಲ್ಲೊಂದು ಇಲ್ಲೊಂದು ಹುಳ ಕಂಡಿತು. ಔಷಧಿ ಹೊಡೆಯುವ ಕ್ಯಾನನ್ನು ಬೆನ್ನಿಗೇರಿಸಿ ಒಂದು ಬೆಳಗ್ಗೆ ಪೂರ್ತಿ ಹೊಡೆದು ಬಂದೆ. ಮೂರನೆಯ ದಿನ ಹೋಗಿ ನೋಡುತ್ತೇನೆ, ಅವು ನನ್ನ ಗಿಡಗಳೇ ಅಲ್ಲ! ಎಲೆಯ ತೊಟ್ಟುಗಳೆಲ್ಲ ಕೆಳಕ್ಕೆ ಬಾಗಿ ಸುರುಳಿ ಸುತ್ತಿವೆ. ಹೊಸ ಚಿಗುರು ಎಲೆಯ ಹಾಗಿಲ್ಲ, ಹಳೇ ಚಾಪೆಯಿಂದ ಕಿತ್ತುಬಂದ ದಾರದ ಹಾಗಿದೆ. ಕಾಂಡವನ್ನಂತೂ ಯಾರೋ ಒದ್ದೆ ಬಟ್ಟೆಯಂತೆ ಹಿಂಡಿ ಬಿಟ್ಟಿದ್ದಾರೆ. ಬಾಡಿದ ಗಿಡ ನೋಡಿದ್ದೇನೆ, ಕೊಳೆತದ್ದು ನೋಡಿದ್ದೇನೆ, ದನ ಮೇಯ್ದದ್ದು ನೋಡಿದ್ದೇನೆ. ಹೀಗೆ ನೋವು ತಡೆಯಲಾರದೆ ಹೊರಳಾಡಿದ ಹಾಗೆ ಕಾಣುವ ಗಿಡವನ್ನು ನೋಡಿರಲಿಲ್ಲ. 

ಪಕ್ಕದ ಹೊಲ ಈರೇಗೌಡನದು. ಅವನೂ ನಾನೂ ಒಂದೇ ಬೆಂಚಿನಲ್ಲಿ ಕುಳಿತು ಒಂದೇ ವರ್ಷ ಶಾಲೆ ಬಿಟ್ಟವರು. ನಾನು ಟೊಮೆಟೊಗೆ ಔಷಧಿ ಹೊಡೆದ ದಿನವೇ ಅವನೂ ತನ್ನ ಜೋಳಕ್ಕೆ ಏನೋ ಹೊಡೆಯುತ್ತಿದ್ದುದನ್ನು ನಾನು ಕಣ್ಣಾರೆ ಕಂಡಿದ್ದೆ. ಅವನ ಬೆನ್ನ ಮೇಲೆ ಕ್ಯಾನು, ನನ್ನ ಹೊಲದಲ್ಲಿ ಕೇಡು. ಇದಕ್ಕಿಂತ ಸಾಕ್ಷಿ ಬೇಕೆ? ಮರುದಿನ ಬೆಳಗ್ಗೆ ಹಾಲಿನ ಡೈರಿಯ ಮುಂದೆ, ಊರಿಗೆ ಊರೇ ಸಾಲುಗಟ್ಟಿ ನಿಂತಿದ್ದಾಗ, ಅವನನ್ನು ಹಿಡಿದುಕೊಂಡೆ.

"ಏನ್ಲಾ ಈರ, ನಿನ್ ಜ್ವಾಳಕ್ಕೆ ಏನ್ಲಾ ಒಡ್ದೆ? ನನ್ ಟೊಮೆಟೊ ಎಲ್ಲಾ ಸುರುಟ್ಕೊಂಡು ಕುಂತವೆ!"

"ಉಳಕ್ಕೆ ಒಡ್ದೆ ಕಣ್ಲಾ. ಅದ್ರಿಂದ ಅಂಗೆಲ್ಲ ಆಗಾಕಿಲ್ಲ."

"ಗಾಳಿ ನನ್ ಕಡಿಕೆ ಬೀಸ್ತಿತ್ತು. ಬೇಕು ಅಂತ್ಲೇ ಒಡ್ದಿದ್ದೀಯ ನೀನು."

ಅವನು ಹಾಲಿನ ಕ್ಯಾನನ್ನು ನೆಲಕ್ಕಿಟ್ಟ. "ಮೂವತ್ ವರ್ಸದಿಂದ ನಿನ್ ಆಲೂಗೆಡ್ಡೆ ನಾಟಿ ಮಾಡಾದೇ ಆಯ್ತು. ನಿನ್ ಟೊಮೆಟೊ ಸಾಯ್ಸಾಕೆ ನಂಗೆ ಬುಡುವೆಲ್ಲೈತ್ಲಾ?"

ಸಾಲಿನಲ್ಲಿದ್ದವರು ಗೊಳ್ಳೆಂದು ನಕ್ಕರು. ಆ ನಗುವೇ ನನ್ನನ್ನು ಕೆಡಿಸಿದ್ದು. "ಇನ್ ಮ್ಯಾಕೆ ನಿನ್ ಮನೇರು ನನ್ ಒಲಕ್ಕೆ ಕಾಲಿಡ್ಬ್ಯಾಡಿ" ಎಂದುಬಿಟ್ಟೆ.  ಈರೇಗೌಡ ಏನೋ ಹೇಳಲು ಬಾಯಿ ತೆರೆದು ಮತ್ತೆ ಮುಚ್ಚಿಕೊಂಡು, "ಆಯ್ತು ಬುಡು" ಎಂದ.

ಮೂವತ್ತು ವರ್ಷದ ಮುಯ್ಯಾಳು ಎರಡು ಮಾತಿನಲ್ಲಿ ಮುಗಿದುಹೋಯಿತು. ಮುಯ್ಯಾಳು ಎಂದರೆ ಇವತ್ತು ಅವರ ಮನೆಯವರು ನಮ್ಮ ಹೊಲಕ್ಕೆ, ನಾಳೆ ನಮ್ಮ ಮನೆಯವರು ಅವರ ಹೊಲಕ್ಕೆ. ಕೂಲಿಯ ಮಾತಿಲ್ಲ. ಮಧ್ಯಾಹ್ನದ ಮುದ್ದೆ ಮಾತ್ರ ಯಾರ ಹೊಲವೋ ಅವರ ಮನೆಯದು. ನನ್ನ ಮದುವೆಯಾದ ವರ್ಷದಿಂದ ಒಂದು ಸಲವೂ ಈರೇಗೌಡನಿಲ್ಲದೆ ನಮ್ಮ ಆಲೂಗಡ್ಡೆ ಮಣ್ಣು ಸೇರಿಲ್ಲ. ನಾಟಿಗೆ ಇನ್ನು ಒಂದು ವಾರವಿತ್ತು.

ಆ ಭಾನುವಾರ ನಾದಿನಿಯ ಮಗಳು ಸೌಮ್ಯ ಮನೆಗೆ ಬಂದಳು. ಹೊಳೆನರಸೀಪುರದ ಒಂದು ಪಿಯು ಕಾಲೇಜಿನಲ್ಲಿ ಜೀವಶಾಸ್ತ್ರ ಪಾಠ ಮಾಡುತ್ತಾಳೆ. ಜಯಮ್ಮ ಪಡಸಾಲೆಯಲ್ಲಿ ಬಿತ್ತನೆ ಗಡ್ಡೆಗಳನ್ನು ಕತ್ತರಿಸುತ್ತಿದ್ದಳು. ನಾನು ಮೂಟೆಯ ಮೇಲೆ ಕುಳಿತಿದ್ದೆ.

"ಕತ್ತರ್ಸಾದೇನೋ ಕತ್ತರಿಸ್ತೀನಿ" ಎಂದು ಜಯಮ್ಮ ಸೌಮ್ಯಳಿಗೆ, ನನಗೆ ಕೇಳುವ ಹಾಗೆ, ಹೇಳಿದಳು. "ಗಾಯ ಆರೋವರ್ಗೂ ಎರಡ್ ದಿನ ತಡೀತದೆ. ಆಮೇಲೆ ನೆಟ್ರೆ ನೆಟ್ಟಂಗೆ, ಇಲ್ಲಾಂದ್ರೆ ಕೊಳ್ತೋಯ್ತದೆ. ನಾಟಿ ಮಾಡೋರ್ ಯಾರು? ಡೈರಿ ಮುಂದೆ ಕೂಗಾಡ್ದೋರೇ ಮಾಡ್ತಾರೇನೋ."

ಮಾತು ತಿರುಗಿಸಲೆಂದೋ ಏನೋ, ಸೌಮ್ಯ ಒಂದು ಗಡ್ಡೆ ಎತ್ತಿಕೊಂಡಳು. "ದೊಡ್ಡಪ್ಪ, ಇದನ್ನ ಕತ್ತರಿಸ್ದೆ ಹಾಗೇ ಇಟ್ರೆ ಯಾವ ಕಣ್ಣು ಮೊದಲು ಮೊಳೆಯುತ್ತೆ?"

"ನೆತ್ತೀದು."

"ಮಿಕ್ಕ ಕಣ್ಣುಗಳು ಯಾಕೆ ಸುಮ್ನಿರ್ತವೆ?"

ನೋಡಿ, ನಲವತ್ತು ವರ್ಷದಿಂದ ಆಲೂಗಡ್ಡೆ ಬೆಳೆಯುತ್ತಿದ್ದೇನೆ. ಈ ಪ್ರಶ್ನೆ ನನ್ನ ತಲೆಗೆ ಒಂದು ದಿನವೂ ಬಂದಿರಲಿಲ್ಲ. "ಮನೇಲಿ ದೊಡ್ಡೋನು ಮಾತಾಡುವಾಗ ಮಿಕ್ಕೋರು ಸುಮ್ನಿರಾಕಿಲ್ವೇನಮ್ಮ, ಅಂಗೆ" ಎಂದೆ ಬಾಯಿಗೆ ಬಂದದ್ದನ್ನು.

"ಅದೇ ಸರಿಯಾದ ಉತ್ತರ!" ಎಂದಳು. ನೆತ್ತಿಯ ಮೊಳಕೆ ಆಕ್ಸಿನ್ ಎನ್ನುವ ಹಾರ್ಮೋನನ್ನು ಕೆಳಕ್ಕೆ ಕಳಿಸುತ್ತಲೇ ಇರುತ್ತದಂತೆ. ನಾನಿದ್ದೇನೆ, ನೀವೆಲ್ಲ ಸುಮ್ಮನಿರಿ ಎಂಬ ಹುಕುಂ ಅದು. ಕತ್ತಿ ಬಿದ್ದ ತಕ್ಷಣ ಹುಕುಂ ನಿಲ್ಲುತ್ತದೆ. ಪ್ರತಿ ಹೋಳಿನ ಕಣ್ಣೂ ತಾನೇ ಯಜಮಾನ ಎಂದುಕೊಂಡು ಎದ್ದು ಕೂರುತ್ತದೆ.

ಆಗ ನಾನು ಮೊದಲ ಸಲ ಬೆಚ್ಚಿದ್ದು. ಶಾಲೆ ಬಿಟ್ಟ ಹೊಸದರಲ್ಲಿ ಅರಕಲಗೂಡು ಕಡೆಯ ಹೊಗೆಸೊಪ್ಪಿನ ಹೊಲಗಳಿಗೆ ಕೂಲಿಗೆ ಹೋಗುತ್ತಿದ್ದೆ. ಹೂ ಬಂದ ತುದಿಯನ್ನು ಮುರಿಯುವುದು ನನ್ನ ಕೆಲಸ. ಮುರಿದ ವಾರದೊಳಗೆ ಪ್ರತಿ ಎಲೆಯ ಕಂಕುಳಲ್ಲೂ ಒಂದೊಂದು ಕುಡಿ ನುಗ್ಗಿ ಬರುತ್ತಿತ್ತು. ಗಿಡಕ್ಕೆ ಸಿಟ್ಟು ಬಂದಿದೆ ಎಂದುಕೊಂಡು ಅವನ್ನೂ ಕಿತ್ತು ಎಸೆಯುತ್ತಿದ್ದೆ. ಸಿಟ್ಟಲ್ಲವಂತೆ, ಮೇಲಿನವನ ಮಾತು ನಿಂತ ಸಂಭ್ರಮವಂತೆ. ಅಷ್ಟು ಸಾವಿರ ತುದಿ ಮುರಿದ ಈ ಬೆರಳುಗಳು ಏನು ಮಾಡುತ್ತಿವೆ ಎಂಬುದು ಬೆರಳಿನ ಯಜಮಾನನಿಗೇ ಗೊತ್ತಿರಲಿಲ್ಲ.

ಅವಳು ಅಲ್ಲಿಗೇ ಬಿಡಲಿಲ್ಲ. ನಮ್ಮ ಅಜ್ಜಿ ಮಾವಿನಕಾಯಿ ಹಣ್ಣಿಗಿಡುವಾಗ ಹುಲ್ಲಿನ ನಡುವೆ ಒಂದು ಹಣ್ಣನ್ನು ಸೇರಿಸಿಡುತ್ತಿದ್ದಳು. ಕೇಳಿದರೆ, ಕಾಯಿಗಳಿಗೆ ಬುದ್ಧಿ ಹೇಳುವುದಕ್ಕೆ ಒಬ್ಬ ಹಿರಿಯ ಬೇಡವೇ ಎನ್ನುತ್ತಿದ್ದಳು. ಹಣ್ಣು ನಿಜವಾಗಿಯೂ ಎಥಿಲೀನ್ ಎಂಬ ಅನಿಲವನ್ನು ಬಿಡುತ್ತದಂತೆ. ಅದು ತಾಕಿದ ಕಾಯಿಗಳೆಲ್ಲ ಹಣ್ಣಾಗಲು ಹೊರಡುತ್ತವಂತೆ. ಬಾಳೆಗೊನೆಗೆ ಹೊಗೆ ಹಾಕುತ್ತಿದ್ದರಲ್ಲ, ಆ ಹೊಗೆಯಲ್ಲಿಯೂ ಅದೇ ಇದೆಯಂತೆ. ಅಂದರೆ ಹಣ್ಣುಗಳು ಗಾಳಿಯಲ್ಲಿ ಮಾತಾಡಿಕೊಳ್ಳುತ್ತವೆ! ನಾನು ಇಷ್ಟು ವರ್ಷ ಅವುಗಳ ನಡುವೆ ಕಿವುಡನಂತೆ ಓಡಾಡಿಕೊಂಡಿದ್ದೇನೆ.

ಇನ್ನೊಂದರ ಹೆಸರು ಜಿಬ್ಬರೆಲಿನ್. ನಾಲಿಗೆ ಹೊರಳಲು ನಾಲ್ಕು ಸಲ ಹೇಳಬೇಕಾಯಿತು. ಭತ್ತದ ಸಸಿ ಎಬ್ಬಿಸುವ ಒಟ್ಟಲಿನಲ್ಲಿ ಕೆಲವು ಪೈರು ಮಿಕ್ಕವನ್ನು ಹಿಂದೆ ಹಾಕಿ, ಬಿಳಿಚಿಕೊಂಡು ಉದ್ದುದ್ದ ಬೆಳೆದು, ಆಮೇಲೆ ತಾವೇ ಮೊದಲು ಮಲಗಿಬಿಡುತ್ತವೆ. ನಮ್ಮಪ್ಪ ಅದನ್ನು ದೊಡ್ಡಸ್ತಿಕೆ ಪೈರು ಎನ್ನುತ್ತಿದ್ದ. ಜಪಾನಿನ ರೈತರು ಪೆದ್ದು ಪೈರು ಎನ್ನುತ್ತಿದ್ದರಂತೆ. ಅದಕ್ಕೆ ಕಾರಣವಾದ ಬೂಷ್ಟಿನಿಂದಲೇ ಈ ಹಾರ್ಮೋನು ಸಿಕ್ಕಿದ್ದಂತೆ. ಈಗ ಅದನ್ನೇ ಅಳತೆ ಮಾಡಿ ಸಿಂಪಡಿಸಿ ದ್ರಾಕ್ಷಿಯನ್ನು ದಪ್ಪ ಮಾಡುತ್ತಾರಂತೆ.

ಎಲ್ಲಕ್ಕಿಂತ ಹೆದರಿಸಿದ್ದು ಎಳನೀರು. ಹಿಂದಿನ ದಿನವಷ್ಟೇ ಚನ್ನರಾಯಪಟ್ಟಣಕ್ಕೆ ಹೋದವನು ಬಸ್‌ಸ್ಟ್ಯಾಂಡಿನ ಬಳಿ ಎರಡು ಎಳನೀರು ಕುಡಿದು ಬಂದಿದ್ದೆ. ಎಳನೀರಿನಲ್ಲಿ ಹೊಸ ಕುಡಿ ಒಡೆಸುವ ಹಾರ್ಮೋನು ಇದೆಯಂತೆ. ಗಾಜಿನ ಸೀಸೆಯಲ್ಲಿ ಸಣ್ಣ ಚೂರಿನಿಂದ ಬಾಳೆ ಸಸಿ ಎಬ್ಬಿಸುವವರು ಅದನ್ನೂ ಬಳಸುವುದುಂಟಂತೆ. ನಾನು ಗಾಬರಿಯಿಂದ ಹೊಟ್ಟೆ ಮುಟ್ಟಿಕೊಂಡೆ. "ಮನುಷ್ಯರಿಗೆ ಕುಡಿ ಒಡೆಯಲ್ಲ ದೊಡ್ಡಪ್ಪ" ಎಂದು ಸೌಮ್ಯ ನಕ್ಕಳು. "ಒಡುದ್ರೂ ಒಳ್ಳೇದೇ. ಎರಡ್ನೇದುಕ್ಕಾದ್ರೂ ಸ್ವಲ್ಪ ತಾಳ್ಮೆ ಇದ್ದೀತು" ಎಂದಳು ಜಯಮ್ಮ, ತಲೆಯೆತ್ತದೆ.

ಅವಳ ಬಾಯಿ ಮುಚ್ಚಿಸುವುದಕ್ಕೆ ಒಳಗಿನಿಂದ ನನ್ನ ಸಾಕ್ಷಿಯನ್ನು ತಂದೆ. ಪಂಚಾಯಿತಿಯಲ್ಲಿ ತೋರಿಸಲೆಂದು ಒಂದು ತಿರುಚಿದ ಟೊಮೆಟೊ ಗಿಡವನ್ನು ಬೇರು ಸಮೇತ ಬಕೆಟ್ಟಿನಲ್ಲಿ ಇಟ್ಟಿದ್ದೆ. ಸೌಮ್ಯ ಅದನ್ನು ತಿರುಗಿಸಿ ನೋಡಿದಳು. ಅವಳ ಮುಖದಲ್ಲಿದ್ದ ನಗು ಹೋಯಿತು.

"ದೊಡ್ಡಪ್ಪ, ಟೂ ಫೋರ್ ಡಿ ಎಲ್ಲಿ ಹೊಡೆದ್ರಿ?"

"ಅದು ಕಳೆ ಔಷ್ದಿ ಕಣಮ್ಮ. ಟೊಮೆಟೊಗೆ ಯಾರ್ ಒಡೀತಾರೆ? ಗಾಡಿ ದಾರೀಲಿ ಪಾರ್ಥೇನಿಯಂ ಎದ್ದಿತ್ತು, ಅದ್ಕೆ ಒಡ್ದಿದ್ದೆ. ಹತ್ತ್ ದಿನದ್ ಹಿಂದೆ."

"ಯಾವ ಕ್ಯಾನಲ್ಲಿ?"

ಜಯಮ್ಮನ ಕತ್ತಿ ನಿಂತಿತು.

"ಇರಾದೇ ಒಂದ್ ಕ್ಯಾನು" ಎಂದೆ. "ತೊಳ್ದಿದ್ದೆ. ಎರಡು ಕೊಡ ನೀರಾಕಿ ತೊಳ್ದಿದ್ದೆ."

ಸೌಮ್ಯ ನನ್ನನ್ನು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಮೆಲ್ಲಗೆ ವಿವರಿಸಿದಳು. ಆ ಔಷಧಿ ಎರಡು ಕೊಡ ನೀರಿಗೆ ಹೋಗುವುದಲ್ಲವಂತೆ. ಕ್ಯಾನಿನ ಗೋಡೆಗೆ, ಪೈಪಿಗೆ, ವಾಷರ್ರಿಗೆ ಅಂಟಿಕೊಂಡಿರುತ್ತದಂತೆ. ಸೋಡಾಪುಡಿ ಕಲಸಿದ ನೀರು ತುಂಬಿ, ಒಂದು ದಿನ ನೆನೆಸಿಟ್ಟು, ಪೈಪಿನಲ್ಲೂ ಹೊಡೆದು ಚೆಲ್ಲಿ, ಮತ್ತೆ ಮತ್ತೆ ತೊಳೆಯಬೇಕಂತೆ. ಅದಕ್ಕಿಂತ ಬೇರೆ ಕ್ಯಾನನ್ನೇ ಇಟ್ಟುಕೊಳ್ಳುವುದು ಮೇಲಂತೆ.

"ವಿಷ ಅಂದ್ರೆ ವಿಷಾನೇ" ಎಂದೆ, ಏನಾದರೂ ಹೇಳಬೇಕಲ್ಲ ಎಂದು.

"ಬರೀ ವಿಷ ಅಲ್ಲ ದೊಡ್ಡಪ್ಪ, ಅದೂ ಒಂದು ಆಕ್ಸಿನ್ನೇ. ಮನುಷ್ಯರು ಮಾಡಿದ್ದು. ಗಿಡ ಅದನ್ನ ತನ್ನದೇ ಹಾರ್ಮೋನು ಅಂದ್ಕೊಳ್ಳುತ್ತೆ. ತನ್ನದಾದ್ರೆ ಸಾಕು ಅನ್ನಿಸ್ದಾಗ ನಿಲ್ಲಿಸ್ಕೊಳ್ಳುತ್ತೆ. ಇದನ್ನ ನಿಲ್ಲಿಸೋಕೆ ಗೊತ್ತಾಗಲ್ಲ. ಬೆಳಿ ಬೆಳಿ ಅಂತ ಹೇಳ್ತಾನೇ ಇರುತ್ತೆ. ಅಡ್ಡಾದಿಡ್ಡಿ ಬೆಳೆದು ಬೆಳೆದೇ ಸಾಯುತ್ತೆ."

ಮೂಟೆಯ ಮೇಲೆ ಕುಳಿತಿದ್ದೆ ಎಂದೆನಲ್ಲ, ಇದು ಆ ಗಳಿಗೆ. ಕಳೆಯನ್ನು ಸುಟ್ಟು ಸಾಯಿಸುವ ಔಷಧಿ ಎಂದು ಇಷ್ಟು ವರ್ಷ ನಂಬಿ ಹೊಡೆದದ್ದು ಬೆಳೆಸಿ ಸಾಯಿಸುವ ಔಷಧಿ! ರಾಗಿ, ಜೋಳ, ಭತ್ತದಂಥ ಹುಲ್ಲಿನ ಜಾತಿ ಅದನ್ನು ತಡೆದುಕೊಳ್ಳುತ್ತದಂತೆ. ಅಗಲ ಎಲೆಯವು ತಡೆಯವು. ಟೊಮೆಟೊ ಅಂತೂ ವಾಸನೆಗೇ ನಲುಗುತ್ತದಂತೆ. ಇನ್ನೂ ಇದೆ. ಮಾವಿನ ಹೂ ಉದುರದಿರಲಿ ಎಂದು ನಾನು ಹನಿ ಲೆಕ್ಕದಲ್ಲಿ ಬೆರೆಸಿ ಹೊಡೆಯುವ ಟಾನಿಕ್ಕು ಇದೆಯಲ್ಲ, ಅದೂ ಇದರ ದಾಯಾದಿಯೇ ಅಂತೆ. ಟಾನಿಕ್ಕಿನ ಸೀಸೆಯನ್ನು ನಾನು ದೇವರ ಗೂಡಿನ ಪಕ್ಕ ಇಟ್ಟಿದ್ದೆ. ಕಳೆ ಔಷಧಿಯ ಡಬ್ಬ ಕೊಟ್ಟಿಗೆಯ ಸೂರಿನಲ್ಲಿತ್ತು. ಒಂದೇ ವಂಶದ ಇಬ್ಬರಿಗೆ ನಾನು ಎಂಥ ಪಂಕ್ತಿಭೇದ ಮಾಡಿದ್ದೆ!

ಆದರೂ ಒಳಗೊಂದು ಆಸೆ ಉಳಿದಿತ್ತು. ನನ್ನ ಕ್ಯಾನಿನಲ್ಲಿ ಒಂದಿಷ್ಟು ಇದ್ದಿರಬಹುದು, ಈರೇಗೌಡನ ಕ್ಯಾನಿನಿಂದಲೂ ಒಂದಿಷ್ಟು ಗಾಳಿಯಲ್ಲಿ ಬಂದಿರಬಹುದಲ್ಲ?

"ನೋಡಿದ್ರೆ ಗೊತ್ತಾಗುತ್ತೆ" ಎಂದಳು ಸೌಮ್ಯ. "ಅವರ ಕಡೆಯಿಂದ ಬಂದಿದ್ರೆ ಅವರ ಬದುವಿನ ಹತ್ರದ ಸಾಲು ಜಾಸ್ತಿ ಕೆಟ್ಟಿರುತ್ತೆ. ನಿಮ್ಮ ಕ್ಯಾನಿಂದ ಬಂದಿದ್ರೆ ನೀವು ಮೊದಲು ಹೊಡೆದ ಸಾಲು ಜಾಸ್ತಿ ಕೆಟ್ಟಿರುತ್ತೆ. ಒಂದೊಂದು ಕ್ಯಾನು ಖಾಲಿಯಾಗಿ ತುಂಬಿಸಿದ ಹಾಗೂ ಒಳಗಿನದು ತೆಳ್ಳಗಾಗ್ತಾ ಹೋಗಿರುತ್ತೆ."

ಒಬ್ಬನೇ ಹೊಲಕ್ಕೆ ಹೋದೆ. ಮೊದಲ ಬಾರಿಗೆ ನನ್ನ ಹೊಲವನ್ನು ಓದಿದೆ. ನಾನು ಶುರು ಮಾಡಿದ್ದು ಪಂಪ್‌ಸೆಟ್ಟಿನ ಕಡೆಯಿಂದ. ಅಲ್ಲಿಯ ಏಳು ಸಾಲು ಉಳಿಯುವ ಹಾಗಿರಲಿಲ್ಲ. ಮೊದಲ ಕ್ಯಾನು. ಮುಂದಿನವು ಅರ್ಧಂಬರ್ಧ ಸುತ್ತಿಕೊಂಡಿದ್ದವು. ಎರಡನೆಯ ಕ್ಯಾನು. ಅಲ್ಲಿಂದಾಚೆಗೆ ಎಲೆಯಂಚು ಮಾತ್ರ ಮುದುರಿತ್ತು. ಮತ್ತೆ ನಡೆದೆ. ಈರೇಗೌಡನ ಬದುವಿಗೆ ಹೊಂದಿಕೊಂಡ ಕೊನೆಯ ಸಾಲುಗಳಲ್ಲಿ ಗಿಡಗಳು ನೆಟ್ಟಗೆ ನಿಂತು, ಗೋಲಿಯಷ್ಟು ಗಾತ್ರದ ಕಾಯಿ ಕಟ್ಟಿಕೊಂಡಿದ್ದವು. ನಾನು ಎಲ್ಲಿ ಹೊರಟೆ, ಎಲ್ಲಿ ನಿಂತು ನೀರು ತುಂಬಿಸಿದೆ, ಎಲ್ಲಿಗೆ ಬಂದು ಮುಗಿಸಿದೆ ಎಲ್ಲವನ್ನೂ ಗಿಡಗಳು ಬರೆದಿಟ್ಟಿದ್ದವು. ಅಷ್ಟು ದಿನ ನಾನು ಮೊದಲ ಏಳು ಸಾಲಿನ ಮುಂದೆ ನಿಂತು ಹಲ್ಲು ಕಡಿದು ವಾಪಸು ಬರುತ್ತಿದ್ದೆ. ಕೊನೆಯವರೆಗೆ ನಡೆದೇ ಇರಲಿಲ್ಲ. ಬದುವಿನ ಮೇಲೆ ಕೂತೆ. 

ಡೈರಿಯ ಮುಂದೆ ಆಡಿದ್ದನ್ನು ಡೈರಿಯ ಮುಂದೆಯೇ ತಿನ್ನಬೇಕು. ಮನೆಗೆ ಹೋಗಿ ಕಿವಿಯಲ್ಲಿ ಹೇಳಿಬಂದರೆ ಅದು ಸಲ್ಲುವುದಿಲ್ಲ. ಸೋಮವಾರ ಬೆಳಗ್ಗೆ ಸಾಲು ಪೂರ್ತಿ ಸೇರುವವರೆಗೆ ಕಾದೆ. ಹಾಲಳೆಯುವವನಿಗೂ ಸ್ವಲ್ಪ ನಿಲ್ಲು ಎಂದೆ.

"ಈರ, ನಿನ್ ಔಷ್ದಿ ಅಲ್ಲ ಕಣ್ಲಾ. ನನ್ ಕ್ಯಾನು. ಕಳೆ ಔಷ್ದಿ ಒಡ್ದು ಸರ್ಯಾಗಿ ತೊಳೀನಿಲ್ಲ. ತಪ್ಪು ನಂದು."

ಇದನ್ನು ಹೇಳಲು ಎಷ್ಟು ಹೊತ್ತು ಹಿಡಿಯಿತೋ ಗೊತ್ತಿಲ್ಲ. ಒಂದು ಎಕರೆ ಉತ್ತಷ್ಟು ಬೆವರು ಬಂದಿತ್ತು. ಈರೇಗೌಡ ಹಾಲಿನ ಕ್ಯಾನಿನ ಮುಚ್ಚಳ ತಿರುಗಿಸುತ್ತಾ, "ನಂಗೊತ್ತಿತ್ತು" ಎಂದ.

"ಗೊತ್ತಿತ್ತಾ!"

"ಬದುವಿನ್ ಮ್ಯಾಲಿಂದ ನೋಡ್ದೇಟ್ಗೆ ಗೊತ್ತಾಯ್ತು."

"ಮತ್ಯಾಕ್ಲಾ ಬಾಯ್ಬುಡ್ನಿಲ್ಲ? ಅಷ್ಟು ಬೈಸ್ಕೊಂಡೆ?"

ಅವನು ಸಾಲಿನ ಕಡೆ ಒಮ್ಮೆ ನೋಡಿ, ದನಿ ತಗ್ಗಿಸಿದ. ತಗ್ಗಿಸಿದ್ದರಿಂದಲೇ ಎಲ್ಲರಿಗೂ ಕೇಳಿಸಿತು. "ಓದ್ವರ್ಸ ನನ್ ಮೆಣಸಿನ್ ಗಿಡ ಮುದುರ್ಕೊಂಡ್ವಲ್ಲ, ಗೆಪ್ತಿ ಐತಾ?"

"ಮುದುರು ರೋಗ ಬಂದೈತೆ ಅಂದಿದ್ದೆ ನೀನು."

"ರೋಗ ಅಲ್ಲ ಕಣ್ಲಾ, ಕ್ಯಾನು. ನಿಂದ್ ಇಂಗೇ ಆಗೈತೆ ಅಂತ ನಾನ್ ಯೋಳ್ಬೇಕು ಅಂದ್ರೆ, ನಿಂಗೆಂಗೆ ಗೊತ್ತು ಅಂತ ನೀನ್ ಕೇಳ್ತಿದ್ದೆ. ಬೈಸ್ಕೊಳಾದೇ ವಾಸಿ ಅಂದ್ಕೊಂಡೆ."

 ಅಷ್ಟರಲ್ಲಿ ಸಾಲಿನ ಹಿಂದಿನಿಂದ ಕೆಂಪಮ್ಮ ಕೆಮ್ಮಿದಳು. ನಮ್ಮೂರಿನಲ್ಲಿ ಒಬ್ಬಂಟಿಯಾಗಿ ಮೂರು ಹಸು ಸಾಕಿ, ಯಾರಿಗೂ ತಲೆಬಾಗದೆ ಬದುಕುವ ಹೆಂಗಸು ಅವಳು. "ನನ್ ಅವರೆ ಗಿಡಕ್ಕೂ ರೋಗ ಬಂದಿರ್ನಿಲ್ಲ ಬುಡಪ್ಪ" ಎಂದಳು. ಇನ್ನೊಬ್ಬನ ಬದನೆ ಹೊರಬಿತ್ತು. ಮತ್ತೊಬ್ಬ ತನ್ನ ಹೀರೆಬಳ್ಳಿಯ ಕತೆ ಹೇಳಿದ. ಹಾಲಳೆಯುವವನು ಲೀಟರನ್ನು ಕೈಯಲ್ಲೇ ಹಿಡಿದುಕೊಂಡು, ತಾನು ಮನೆಯ ಹಿಂದಿನ ಗುಲಾಬಿಗೆ ಅಂಥದೇ ಕ್ಯಾನಿನಿಂದ ಹೊಡೆದದ್ದನ್ನು ಒಪ್ಪಿಕೊಂಡ. ನಮ್ಮೂರಿನಲ್ಲಿ ಎಷ್ಟೋ ವರ್ಷದಿಂದ ವಾಸವಾಗಿದ್ದ ಮುದುರು ರೋಗದ ಅರ್ಧಪಾಲು ರೋಗವೇ ಆಗಿರಲಿಲ್ಲ. ಅದು ತೊಳೆಯದ ಕ್ಯಾನಿಗೆ ಮರ್ಯಾದಸ್ಥರೆಲ್ಲ ಸೇರಿ ಇಟ್ಟುಕೊಂಡ ಹೆಸರು. ಗಿಡಗಳಿಗೆ ಹಾರ್ಮೋನು ಇದೆ ಎಂದು ತಿಳಿದಾಗ ನಾನು ಬೆಚ್ಚಿದ್ದು ನಿಜ. ಆದರೆ ಅಂದು ಡೈರಿಯ ಮುಂದೆ ಆದ ಗಾಬರಿಯ ಎದುರು ಅದು ಏನೂ ಅಲ್ಲ. ಇಡೀ ಊರು ಒಂದೇ ತಪ್ಪನ್ನು ಸರದಿಯ ಮೇಲೆ, ಒಬ್ಬರಿಗೊಬ್ಬರು ತಿಳಿಸದೆ ಮಾಡಿಕೊಂಡು ಬಂದಿತ್ತು. ಹಣ್ಣುಗಳಾದರೂ ಗಾಳಿಯಲ್ಲಿ ಸುದ್ದಿ ಕಳಿಸುತ್ತವೆ. ನಾವು ದಿನಾ ಎರಡು ಹೊತ್ತು ಭುಜಕ್ಕೆ ಭುಜ ತಾಗಿಸಿ ನಿಂತೂ ಕಳಿಸಲಿಲ್ಲ.

ಅಂದು ಮಧ್ಯಾಹ್ನ ಜಯಮ್ಮ ತನ್ನ ಹಳೆಯ ಕೆಂಪು ಸೀರೆಯಿಂದ ಒಂದು ಪಟ್ಟಿ ಹರಿದು ನಮ್ಮ ಕ್ಯಾನಿನ ಹಿಡಿಗೆ ಕಟ್ಟಿದಳು. ಇನ್ನು ಅದು ಕಳೆಗೆ ಮಾತ್ರ. ಬೆಳೆಗೆ ಬೇರೆಯದು ತಂದೆ. ಸೀರೆಯ ಮಿಕ್ಕ ಭಾಗವನ್ನು ಕೇಳಿಕೊಂಡು ಕೆಂಪಮ್ಮ ಬಂದಳು. ಅವಳ ಹಿಂದೆ ಇನ್ನೂ ಇಬ್ಬರು ಬಂದರು. ವಾರ ಕಳೆಯುವಷ್ಟರಲ್ಲಿ ನಮ್ಮ ಬೀದಿಯ ಕೊಟ್ಟಿಗೆಗಳಲ್ಲೆಲ್ಲ ಜಯಮ್ಮನ ಸೀರೆ ತೂಗಾಡುತ್ತಿತ್ತು. ಕೇಳಿದರೆ, ನಮ್ಮಲ್ಲಿ ಮೊದಲಿನಿಂದಲೂ ಹೀಗೇ ಕಟ್ಟುವುದು ಎನ್ನುತ್ತಾರೆ.

ಬುಧವಾರ ನಾಟಿ. ಗಡ್ಡೆಯ ಗಾಯ ಆರಿತ್ತು. ಬುಟ್ಟಿಗಳನ್ನು ಹೊಲಕ್ಕೆ ಹೊತ್ತು ತಂದು ದಾರಿ ನೋಡುತ್ತಿದ್ದೆ. ನೋಡುತ್ತಿಲ್ಲ ಎಂದು ತೋರಿಸಿಕೊಳ್ಳಲು ಸಾಲು ಹಿಡಿಯುವ ಹಗ್ಗ ಸರಿಮಾಡುತ್ತಿದ್ದೆ. ಈರೇಗೌಡ, ಅವನ ಹೆಂಡತಿ, ಸೊಸೆ ಮೂವರೂ ಬದು ದಾಟಿ ಬಂದರು. ಅವನು ಬುಟ್ಟಿಯಿಂದ ಒಂದು ಹೋಳು ಎತ್ತಿ, ಕಣ್ಣು ಮೇಲಾಗಿ ಹಿಡಿದು ನೋಡಿದ. ಆಮೇಲೆ ಪಂಪ್‌ಸೆಟ್ಟಿನ ಕಡೆ, ಕಿತ್ತು ಖಾಲಿ ಮಾಡಿದ ಆ ಏಳು ಸಾಲಿನ ಕಡೆ ನೋಡಿದ.

"ಮಂಜ, ಇವತ್ತು ನಾನು ಪಂಪ್‌ಸೆಟ್ ಕಡಿಂದ ಬತ್ತೀನಿ, ನೀನು ಈ ಕಡಿಂದ ಬಾ. ಉಸಾರು ಕಣ್ಲಾ! ಯಾರು ಯಾವ್ ಕಡಿಂದ ಬಂದ್ರು ಅಂತ ಗಿಡ ಬರ್ಕತ್ತದೆ."

ಹೆಂಗಸರು ಬಾಯಿಗೆ ಸೆರಗಿಟ್ಟುಕೊಂಡರು. ನಾನು ತಲೆಯಾಡಿಸಿದೆ. ಈ ಸಲ ಗೊತ್ತಿದ್ದೇ ಆಡಿಸಿದ್ದು.